ಅಡ್ಡಹೆಸರಿನ ಉತಾರ

ವಿಜಯಪುರದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತವರ ಜೊತೆ ಹತ್ತು ನಿಮಿಷ ಮಾತಾಡಿ ನೋಡಿ. ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು. ಹೆಸರು ಹೇಳಿದರೆ ಸಾಕಾಗುವುದಿಲ್ಲ. "ಅಡ್ಡಹೆಸರ ಏನ್ರೀ?" ಬಂದೇ ಬರುತ್ತದೆ. ಅದನ್ನೂ ಹೇಳಿದಿರಿ, ಅದರಿಂದ ಅವರಿಗೆ ಏನೂ ಗೊತ್ತಾಗಲಿಲ್ಲ ಅಂದುಕೊಳ್ಳಿ. ಆಗ ದನಿ ಸ್ವಲ್ಪ ಇಳಿಯುತ್ತದೆ. "ಹಂಗಲ್ರೀ, ಯಾರ ಪೈಕಿ ಅಂತ ಕೇಳಿದೆ."

ಕೇಳುವವರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಎಷ್ಟೋ ಸಲ ಪ್ರೀತಿಯಿಂದಲೇ ಕೇಳುತ್ತಾರೆ, ಬುತ್ತಿ ಬಿಚ್ಚಿ ರೊಟ್ಟಿ ಕೊಡುವ ಮುಂಚೆ ಕೇಳುತ್ತಾರೆ. ಉತ್ತರ ಸಿಕ್ಕ ಮೇಲೆ ರೊಟ್ಟಿ ಬರುತ್ತದೋ ಇಲ್ಲವೋ ಎಂಬುದು ಬೇರೆ ಮಾತು.

ಬೆಂಗಳೂರು, ಮೈಸೂರು ಕಡೆ ಈ ಕೆಲಸ ಇಷ್ಟು ಸಲೀಸಲ್ಲ. ಅಲ್ಲಿ ಹೆಸರಿನ ಹಿಂದೆ ಒಂದೆರಡು ಇನಿಷಿಯಲ್ ಇರುತ್ತವೆ. ಅದು ಊರೋ, ಅಪ್ಪನೋ, ಅಜ್ಜನೋ, ಬಿಡಿಸಿ ಹೇಳಿದರಷ್ಟೇ ಗೊತ್ತಾಗುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಾಗಲ್ಲ. ಶಾಲೆಯ ಹಾಜರಿ ಪುಸ್ತಕ ತೆರೆದರೆ ಇಡೀ ಊರಿನ ನಕ್ಷೆ ಅಲ್ಲೇ ಇದೆ. ಪಾಟೀಲ, ಬಡಿಗೇರ, ಹೂಗಾರ, ತಳವಾರ, ಕುಲಕರ್ಣಿ, ನದಾಫ, ಮಾದರ, ಹಿರೇಮಠ. ಯಾರ ಮನೆ ಅಗಸಿ ಹತ್ತಿರ, ಯಾರದು ಕೇರಿಯಲ್ಲಿ, ಯಾರದು ಮಸೂತಿ ಓಣಿಯಲ್ಲಿ ಎಂದು ಮಾಸ್ತರರು ಕೂತಲ್ಲೇ ಹೇಳಬಲ್ಲರು.

ನಮ್ಮ ಅಡ್ಡಹೆಸರುಗಳ ಬಗ್ಗೆ ತಮಾಷೆ ಬೇಕಾದಷ್ಟಿದೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಲ್ಲ ಸೇರಿಸಿದರೆ ಒಂದು ಕಿರಾಣಿ ಅಂಗಡಿಯೇ ಆಗುತ್ತದೆ ಎಂದು ನಗುತ್ತೇವೆ. ಸಾಲದ್ದಕ್ಕೆ ಅಂಗಡಿ ಎಂಬ ಅಡ್ಡಹೆಸರೂ ಇದೆ. ಆದರೆ ನಗುವುದಕ್ಕೆ ಬರುವ ಹೆಸರುಗಳು ಒಂದು ಜಾತಿ, ನಗುವುದಕ್ಕೆ ಬಾರದ ಹೆಸರುಗಳು ಇನ್ನೊಂದು. ಮೆಣಸಿನಕಾಯಿ ಎಂಬ ಹುಡುಗನನ್ನು ಕ್ಲಾಸಿನಲ್ಲಿ ಕಾಡಿಸುತ್ತಾರೆ, ಅವನೂ ನಗುತ್ತಾನೆ. ಮಾದರ ಎಂಬ ಹುಡುಗನ ಹೆಸರು ಕೂಗಿದಾಗ ಯಾರೂ ನಗುವುದಿಲ್ಲ. ಸುಮ್ಮನಾಗುತ್ತಾರೆ. ಈ ಸುಮ್ಮನಾಗುವುದೇ ನನಗೆ ಮುಖ್ಯ ಅನ್ನಿಸುವುದು.

ಹೆಸರಲ್ಲ, ಹುದ್ದೆ

ನಮ್ಮ ಕಡೆಯ ಅರ್ಧಕ್ಕರ್ಧ ಅಡ್ಡಹೆಸರುಗಳು ಮೂಲದಲ್ಲಿ ಜಾತಿಯ ಹೆಸರೇ ಅಲ್ಲ, ಹುದ್ದೆಯ ಹೆಸರು. ಪಾಟೀಲ ಅಥವಾ ಗೌಡ ಅಂದರೆ ಊರಿನ ಮುಖ್ಯಸ್ಥ. ಕೆಲವು ಊರುಗಳಲ್ಲಿ ಆ ಹುದ್ದೆಯೇ ಎರಡಾಗಿತ್ತು. ಕಂದಾಯ ನೋಡುವವನು ಮಾಲಿಪಾಟೀಲ, ಕಳ್ಳಕಾಕರನ್ನು ನೋಡುವವನು ಪೊಲೀಸ್‌ಪಾಟೀಲ. ಎರಡೂ ಇವತ್ತು ಅಡ್ಡಹೆಸರುಗಳೇ. ಲೆಕ್ಕ ಬರೆಯುವವನು ಕುಲಕರ್ಣಿ. ಹತ್ತಾರು ಊರು ಸೇರಿದ ಪರಗಣಕ್ಕೆ ಯಜಮಾನ ದೇಸಾಯಿ ಅಥವಾ ನಾಡಗೌಡ, ಅದರ ಲೆಕ್ಕಕ್ಕೆ ದೇಶಪಾಂಡೆ. ಊರು ಕಾಯುವವನು ತಳವಾರ. ಓಲೆ ಒಯ್ಯುವವನು ವಾಲೀಕಾರ. ಸನದು ಪಡೆದು ಜಮೀನು ಉಂಡು ಚಾಕರಿ ಮಾಡುವವನು ಸನದಿ. ಲಿಂಗಾಯತರ ಮೆರವಣಿಗೆಯ ಮುಂದೆ ಗಂಟೆ ಬಟ್ಟಲು ಹಿಡಿದು ನಡೆಯುವವನು ಚಲವಾದಿ. ಅವನು ಊರ ಹೊರಗಿನ ಕೇರಿಯವನು.

ಇವುಗಳಲ್ಲಿ ಬಹಳಷ್ಟು ಹುದ್ದೆಗಳು ವತನ, ಅಂದರೆ ವಂಶಪಾರಂಪರ್ಯವಾಗಿ ಬಂದಂಥವು. ವತನದ ಜೊತೆ ಜಮೀನು ಇತ್ತು, ಸುಗ್ಗಿಯಲ್ಲಿ ಕಣದಿಂದ ಆಯ ಪಡೆಯುವ ಹಕ್ಕು ಇತ್ತು, ಜಾತ್ರೆಯಲ್ಲಿ ಮಾನ ಇತ್ತು. ಬ್ರಿಟಿಷರು ಬಾಂಬೆ ಪ್ರಾಂತ್ಯದಲ್ಲಿ 1874ರಲ್ಲಿ ಒಂದು ಕಾಯಿದೆ ಮಾಡಿ ಇದನ್ನೆಲ್ಲ ಕಾಗದದ ಮೇಲೆ ಬಿಗಿ ಮಾಡಿದರು. ಬೆಳಗಾವಿಯೂ ಅಂದಿನ ವಿಜಾಪುರ ಜಿಲ್ಲೆಯೂ 1956ರವರೆಗೆ ಬಾಂಬೆಗೆ ಸೇರಿದ್ದವು. ಬಾಗಲಕೋಟೆ ಆಗ ವಿಜಾಪುರದ ಒಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಮೂರೂ ಕಡೆಯ ಕಥೆ ಹೆಚ್ಚೂಕಡಿಮೆ ಒಂದೇ.

ಒಂದೇ ವತನ ಎಂಬ ಪದ, ಆದರೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಪಾಟೀಲನಿಗೆ ಅದು ಕೂಡುವ ಗಾದಿ. ಕೇರಿಯ ಹೊಲೆಯನಿಗೆ, ಮಹಾರನಿಗೆ ಕಾಲಿನ ಸಂಕೋಲೆ. ಅವನಿಗೂ ಒಂದು ತುಂಡು ಹೊಲ ಸಿಗುತ್ತಿತ್ತು. ಅದಕ್ಕೆ ಬದಲಾಗಿ ಹಗಲು ರಾತ್ರಿ ಎನ್ನದೆ ಊರಿನ, ಸರ್ಕಾರದ ಚಾಕರಿ ಮಾಡಬೇಕು. ಅವನಿಲ್ಲದಿದ್ದರೆ ಅಪ್ಪನೋ ಮಗನೋ ಹೋಗಬೇಕು. ಅಂಬೇಡ್ಕರ್ 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಸಮ್ಮೇಳನದಲ್ಲಿ ಮಾತಾಡಿದ್ದರು. ಮೂರು ವರ್ಷದ ನಂತರ, 1928ರಲ್ಲಿ, ಇದೇ 1874ರ ಕಾಯಿದೆಗೆ ತಿದ್ದುಪಡಿ ತರಲು ಬಾಂಬೆ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಮಹಾರರನ್ನು ವತನದಿಂದ ಬಿಡಿಸಬೇಕು ಎಂಬುದು ಅವರ ವಾದ. ಹೊಲ ಸಿಗುವ ಹಕ್ಕನ್ನು ಬಿಡಿಸಿ ಎಂದು ಬಡವರ ಪರವಾಗಿ ಒಬ್ಬರು ಕೇಳುವುದು ಮೇಲುನೋಟಕ್ಕೆ ವಿಚಿತ್ರ. ಆದರೆ ಹೊಲದ ಜೊತೆ ಬರುವ ಹೆಸರು ಯಾವುದು, ಆ ಹೆಸರಿನ ಜೊತೆ ಬರುವ ಕೆಲಸ ಯಾವುದು ಎಂಬುದು ಅವರಿಗೆ ಗೊತ್ತಿತ್ತು.

ಹುದ್ದೆ ಹೋಯಿತು, ಉತಾರ ಉಳಿಯಿತು

ಕಾನೂನಿನ ಪ್ರಕಾರ ಇದೆಲ್ಲ ಮುಗಿದು ಅರವತ್ತು ವರ್ಷ ದಾಟಿದೆ. ಬಾಂಬೆ ಸರ್ಕಾರ 1950ರ ಕಾಯಿದೆಯಿಂದ ಪರಗಣ ವತನ, ಕುಲಕರ್ಣಿ ವತನ ರದ್ದು ಮಾಡಿತು. ಏಕೀಕರಣದ ನಂತರ ಮೈಸೂರು ಸರ್ಕಾರ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತಂದಿತು, 1963ರ ಫೆಬ್ರವರಿ 1ರಿಂದ ಅದು ಜಾರಿಯಾಯಿತು. ಪಾಟೀಲಕಿ ಹೋಯಿತು. ಲೆಕ್ಕ ಬರೆಯಲು ಸಂಬಳದ ತಲಾಠಿ ಬಂದ.

ಇಲ್ಲಿ ಒಂದು ಸಣ್ಣ ಕಲಂ ಇದೆ. ಅದನ್ನು ಓದದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ರದ್ದಾದ ಹುದ್ದೆಯ ಜಮೀನು ಸರ್ಕಾರಕ್ಕೆ ಮರಳುತ್ತದೆ, ಆಮೇಲೆ ನಿಗದಿತ ಹಣ ಕಟ್ಟಿದರೆ ಹಳೆಯ ವತನದಾರನಿಗೇ ಅದು ಮರುಮಂಜೂರಾಗುತ್ತದೆ. ಅಂದರೆ ಹುದ್ದೆ ಹೋಯಿತು, ಉತಾರದಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರು ಉಳಿಯಿತು. ಇದು ಎಲ್ಲರಿಗೂ ಒಂದೇ ನಿಯಮ, ತಳವಾರನಿಗೂ ಕೇರಿಯವನಿಗೂ ಸಿಕ್ಕಿತು. ಸಮಾನತೆ ಅಂದರೆ ಇದೇ ಅಲ್ವಾ? ಆದರೆ ಹಣ ಕಟ್ಟಲು ಯಾರ ಹತ್ತಿರ ಹಣ ಇತ್ತು, ಕಾಗದ ಓಡಾಡಿಸಲು ಯಾರಿಗೆ ಕಚೇರಿ ಗೊತ್ತಿತ್ತು, ಮೊದಲೇ ಯಾರ ತುಂಡು ಎಷ್ಟು ದೊಡ್ಡದಿತ್ತು? ದೊಡ್ಡ ತುಂಡು ದೊಡ್ಡದಾಗಿಯೇ ಉಳಿಯಿತು. ಸಣ್ಣ ತುಂಡು ಸಾಲಕ್ಕೋ ಮದುವೆಗೋ ಕೈ ಬಿಟ್ಟಿತು.

ಅಲ್ಲಿಂದ ಮುಂದೆ ಹೆಸರುಗಳ ದಾರಿ ಬೇರೆಬೇರೆಯಾಯಿತು. ಕುಲಕರ್ಣಿ, ದೇಶಪಾಂಡೆ ಮನೆಗಳ ಜಮೀನು ಜಾಸ್ತಿ ಗೇಣಿಗೆ ಬಿಟ್ಟದ್ದು. 1974ರ ಭೂಸುಧಾರಣೆಯಲ್ಲಿ ಬಹಳಷ್ಟು ಹೋಯಿತು. ಆದರೆ ಅವರ ಹತ್ತಿರ ಅಕ್ಷರ ಇತ್ತು. ಧಾರವಾಡ, ಪುಣೆ, ಬೆಂಗಳೂರು ಸೇರಿದರು. ಈಗ ಊರಲ್ಲಿ ಅವರ ವಾಡೆಯ ಗೋಡೆ ಬಿದ್ದಿರುತ್ತದೆ, ಮೊಮ್ಮಗ ಹೊರದೇಶದಲ್ಲಿ ಇರುತ್ತಾನೆ. ಪಾಟೀಲ, ಗೌಡರ ಮನೆಗಳು ಹೆಚ್ಚಾಗಿ ತಾವೇ ಕಮತ ಮಾಡಿಸುತ್ತಿದ್ದವು, ಊರಲ್ಲೇ ಉಳಿದವು. ಮೊದಲು ಊರಿನ ಕೃಷಿ ಪತ್ತಿನ ಸೊಸೈಟಿ (ಪಿಕೆಪಿಎಸ್), ಆಮೇಲೆ ಜಿಲ್ಲಾ ಸಹಕಾರಿ (ಡಿಸಿಸಿ) ಬ್ಯಾಂಕ್, ಘಟಪ್ರಭೆ ಕೃಷ್ಣೆಯ ನೀರು ಬಂದ ಕಡೆ ಕಬ್ಬು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ, ಅದರ ಹಿಂದೆ ಚುನಾವಣೆಯ ಟಿಕೆಟ್. ಹಳೆಯ ಹುದ್ದೆ ಹೋದ ಜಾಗಕ್ಕೆ ಹೊಸ ಹುದ್ದೆಗಳು ಒಂದೊಂದಾಗಿ ಬಂದವು, ಅದೇ ಮನೆಯ ಬಾಗಿಲಿಗೆ.

ಉತ್ಪ್ರೇಕ್ಷೆ ಅನ್ನಿಸಿದರೆ 2023ರ ವಿಧಾನಸಭಾ ಚುನಾವಣೆಯ ವಿಜಯಪುರ ಜಿಲ್ಲೆಯ ಫಲಿತಾಂಶ ತೆಗೆದು ನೋಡಿ. ಒಟ್ಟು 8 ಕ್ಷೇತ್ರ. ಬಬಲೇಶ್ವರ, ವಿಜಯಪುರ ನಗರ, ಬಸವನ ಬಾಗೇವಾಡಿ, ಇಂಡಿ, ದೇವರ ಹಿಪ್ಪರಗಿ, ಈ ಐದರಲ್ಲೂ ಗೆದ್ದವರು ಪಾಟೀಲರು. ಮುದ್ದೇಬಿಹಾಳದಲ್ಲಿ ಗೆದ್ದವರು ನಾಡಗೌಡ. ನಾಗಠಾಣ ಪರಿಶಿಷ್ಟ ಜಾತಿಗೆ ಮೀಸಲು. ಉಳಿದದ್ದು ಸಿಂದಗಿ ಒಂದೇ. ಆ ಐವರು ಪಾಟೀಲರು ಒಂದೇ ಪಕ್ಷದವರಲ್ಲ. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರರಿಂದಲೂ ಗೆದ್ದಿದ್ದಾರೆ. ಅವರಲ್ಲಿ ಒಬ್ಬರಿಗೊಬ್ಬರಿಗೆ ಆಗುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಮತದಾರ ಪಕ್ಷ ಬದಲಾಯಿಸಬಹುದು, ಅಡ್ಡಹೆಸರು ಬದಲಾಯಿಸುವುದು ಅವನ ಕೈಯಲ್ಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ನನ್ನ ಪಾಟೀಲ ಗೆಳೆಯರು ಚಹಾ ಕುಡಿಸುವುದು ಬಿಡುತ್ತಾರೆ. ಪಾಟೀಲ ಒಂದು ಜಾತಿಯಲ್ಲ. ಲಿಂಗಾಯತ ಪಾಟೀಲರಿದ್ದಾರೆ, ರೆಡ್ಡಿ, ಜೈನ, ಮರಾಠಾ, ಕುರುಬ, ಮುಸ್ಲಿಂ ಪಾಟೀಲರಿದ್ದಾರೆ. ಹೆಸರಿಗೆ ಪಾಟೀಲ, ಇರುವುದು ಎರಡೆಕರೆ ಮಡ್ಡಿ, ದುಡಿಮೆಗೆ ಗೋವಾಕ್ಕೆ ಹೋಗುವವರೂ ಇದ್ದಾರೆ. ಹೆಸರು ಎಲ್ಲರಿಗೂ ಅಧಿಕಾರ ಕೊಡುವುದಿಲ್ಲ. ಆದರೆ ಪೊಲೀಸ್ ಠಾಣೆಯಲ್ಲಿ, ಬ್ಯಾಂಕಿನಲ್ಲಿ ಆ ಎರಡೆಕರೆಯ ಪಾಟೀಲನಿಗೂ "ಬರ್ರಿ ಗೌಡ್ರ, ಕೂಡ್ರಿ" ಎಂಬ ಮಾತು ಸಿಗುತ್ತದೆ. ಅದಕ್ಕೆ ಬಡ್ಡಿ ಇಲ್ಲ, ಅಡಮಾನ ಇಲ್ಲ. ಹಾಗೆ ಸುಮ್ನೆ ಸಿಗುವ ಕುರ್ಚಿಯ ಬೆಲೆ, ನಿಂತೇ ಮಾತಾಡಬೇಕಾದವರಿಗೆ ಮಾತ್ರ ಗೊತ್ತು.

ಸಂಸ್ಥೆ ಕಟ್ಟಿದವರು

ಜಮೀನಿನದ್ದೇ ಇಡೀ ಕಥೆಯಲ್ಲ. ಗುರುತು ಸಂಸ್ಥೆಯಾದಾಗ ಅದರ ಬಲವೇ ಬೇರೆ. ಲಿಂಗಾಯತರು ಕಟ್ಟಿದ ಶಿಕ್ಷಣ ಸಂಸ್ಥೆಗಳನ್ನೇ ನೋಡಿ. ಬಾಗಲಕೋಟೆಯ ಬಿವಿವಿ ಸಂಘ 1906ರದ್ದು, ವಿಜಯಪುರದ ಬಿಎಲ್‌ಡಿಇ 1910ರದ್ದು, ಬೆಳಗಾವಿಯ ಕೆಎಲ್‌ಇ 1916ರದ್ದು. ಬಾಂಬೆ ಪ್ರಾಂತ್ಯದ ನೌಕರಿ, ಕಾಲೇಜುಗಳಲ್ಲಿ ಲಿಂಗಾಯತರು ಹಿಂದುಳಿದಿದ್ದ ಕಾಲ ಅದು. ಕೆಎಲ್‌ಇ ಶುರು ಮಾಡಿದವರು ಏಳು ಜನ ಶಿಕ್ಷಕರು. ಬಿಎಲ್‌ಡಿಇ ಹಿಂದೆ ವಚನಗಳ ಓಲೆಗರಿ ಹುಡುಕಿ ಅಲೆದ ವಕೀಲ ಫ.ಗು. ಹಳಕಟ್ಟಿಯವರಿದ್ದರು. ನೂರು ವರ್ಷದಲ್ಲಿ ಅವು ಇಂಜಿನಿಯರಿಂಗ್ ಕಾಲೇಜು, ಆಸ್ಪತ್ರೆ, ಸಾವಿರಾರು ನೌಕರಿಗಳಾಗಿ ಬೆಳೆದವು. ಎಲ್ಲ ಜಾತಿಯ ಮಕ್ಕಳೂ ಅಲ್ಲಿ ಕಲಿತಿದ್ದಾರೆ, ನಾನೂ ಅಂಥದೇ ಒಂದು ಕಾಲೇಜಿನ ಬೆಂಚು ಸವೆಸಿದವನು.

ಅಲ್ಲಿ ನಾನು ಕಂಡದ್ದು ಇಷ್ಟು: ಒಂದು ಸಮುದಾಯ ತನ್ನ ಹೆಸರಿನ ಸುತ್ತ ಹಣ, ಮಠ, ಹಾಸ್ಟೆಲು, ಕಾಲೇಜು ಕೂಡಿಸಿಕೊಂಡರೆ ಅದು ಮೂರು ತಲೆಮಾರಿನಲ್ಲಿ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಆದರೆ ಕೂಡಿಸಲು ಮೊದಲೇ ಏನಾದರೂ ಇರಬೇಕು. ಬಿಜಾಪುರದ ವ್ಯಾಪಾರಿ ದಾನ ಕೊಟ್ಟ, ದೇಸಾಯಿ ಜಾಗ ಕೊಟ್ಟ ಎಂದು ಹಳೆಯ ಕಟ್ಟಡಗಳ ಕಲ್ಲಿನ ಮೇಲೆ ಕೆತ್ತಿರುತ್ತಾರೆ. ಬುಟ್ಟಿ ಹೆಣೆಯುವವರ, ಹಲಗಿ ಬಾರಿಸುವವರ ಹೆಸರಿನಲ್ಲಿ ಅಂಥ ಕಲ್ಲು ಹುಡುಕಿದರೆ ಸಿಗುವುದು ಕಷ್ಟ.

ಊರ ಹೆಸರು ಇಟ್ಟುಕೊಂಡ ಗೆಳೆಯ

ನನ್ನ ಒಬ್ಬ ಗೆಳೆಯ ಬಾಗಲಕೋಟೆ ಜಿಲ್ಲೆಯ ಹಳ್ಳಿಯವನು. ಅಡ್ಡಹೆಸರು ಮಾದರ. ಓದಿದ, ನೌಕರಿ ಸಿಕ್ಕಿತು, ಬೆಳಗಾವಿಗೆ ಬಂದ. ಬಾಡಿಗೆ ಮನೆ ಹುಡುಕುವಾಗ ನಾನೂ ಜೊತೆಗಿದ್ದೆ. ಎರಡು ರೂಮಿನ ಮನೆ, ಮುಂದೆ ತುಳಸಿಕಟ್ಟಿ, ನೀರು ದಿನ ಬಿಟ್ಟು ದಿನ. ಮನೆ ಯಜಮಾನರು ಬಹಳ ಒಳ್ಳೆಯ ಮಾತಾಡಿದರು. ಅಡ್ವಾನ್ಸ್ ಎಷ್ಟು ಎಂಬುದೂ ಮುಗಿಯಿತು. ಚಹಾ ಬಂತು. ಆಗ ಅವರ ಹೆಂಡತಿ ಬಾಗಿಲಲ್ಲಿ ನಿಂತು, "ತಮ್ಮಾ, ನಿಮ್ಮ ಅಡ್ಡಹೆಸರು ಏನಪಾ?" ಎಂದರು. ಅವನು ಹೇಳಿದ. ಅವರು ಒಳಗೆ ಹೋದರು. ಯಜಮಾನರೂ ಒಳಗೆ ಹೋಗಿ ಬಂದರು. "ಮನಿ ನಮ್ಮ ಸೋದರಳಿಯಗ ಕೊಡೂದೈತೆಂತ, ನನಗ ನೆನಪ ಇರಲಿಲ್ಲ ನೋಡ್ರಿ." ಚಹಾದ ಕಪ್ಪು ಅರ್ಧ ತುಂಬಿಯೇ ಇತ್ತು. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಪೊಲೀಸರಿಗೆ ದೂರು ಕೊಡಬಹುದಾದ ಯಾವುದೂ ಅಲ್ಲಿ ನಡೆಯಲಿಲ್ಲ.

ಇಂಥದ್ದನ್ನು ಅಳೆಯಲು ಸಾಧ್ಯವೇ ಎಂದು ಕೇಳಬಹುದು. ಅಳೆದಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಒಂದೇ ಥರದ ಓದು, ಒಂದೇ ಥರದ ಅನುಭವ ಇರುವ ಅರ್ಜಿಗಳನ್ನು ಕಳಿಸಿದರು. ಬದಲಾದದ್ದು ಹೆಸರು ಮಾತ್ರ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಒಂದರಷ್ಟು ಕಡಿಮೆ. ಮುಸ್ಲಿಂ ಹೆಸರಿಗೆ ಮೂರನೇ ಎರಡರಷ್ಟು ಕಡಿಮೆ. ಅರ್ಜಿ ಓದಿದವರಲ್ಲಿ ಯಾರೂ ತಾವು ಜಾತಿ ನೋಡಿದೆವು ಎಂದು ಒಪ್ಪಲಾರರು. ಬಹುಶಃ ನೋಡಿದ್ದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಗೆಳೆಯ ಮುಂದೆ ಅಫಿಡವಿಟ್ ಮಾಡಿಸಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಗೆಜೆಟ್ ತನಕ ಹೋಗಿ ತನ್ನ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ. ನಮ್ಮ ಕಡೆ ಇದು ಹೊಸದಲ್ಲ. ಊರ ಹೆಸರಿನ ಅಡ್ಡಹೆಸರುಗಳ ಹಿಂದೆ ಬ್ರಾಹ್ಮಣ, ಲಿಂಗಾಯತ, ಮುಸ್ಲಿಂ, ದಲಿತ ಎಲ್ಲರೂ ಇರುವುದರಿಂದ ಅದು ಒಳ್ಳೆಯ ಮರೆ. ಬೆಳಗಾವಿ ಪೇಟೆಯಲ್ಲಿ ಮಾತ್ರ ಒಂದು ತೊಂದರೆ. ಊರಿನ ಹಿಂದೆ 'ಕರ' ಸೇರಿದರೆ "ನೀವು ಮರಾಠಿನಾ?" ಎಂಬ ಬೇರೆಯೇ ವಿಚಾರಣೆ ಶುರುವಾಗುತ್ತದೆ. ಜಾತಿಯಿಂದ ತಪ್ಪಿಸಿಕೊಂಡು ಗಡಿ ವಿವಾದಕ್ಕೆ ಬಿದ್ದಂತೆ.

ಹೆಸರು ಬದಲಾಯಿಸಿದ್ದಕ್ಕೆ ಅವನ ಅಪ್ಪ ಬೈದರು. ಬೈದದ್ದು ನನಗೆ ಇನ್ನೂ ನೆನಪಿದೆ. "ಮನಿ ಸಿಗಲಿಲ್ಲಂತ ಅಪ್ಪನ್ನ ಬದಲ ಮಾಡ್ತೀಯೇನಲೇ?" ಆ ಮುದುಕರ ಮಾತಿನಲ್ಲೂ ಒಂದು ಪರಂಪರೆ ಇದೆ. ಹನ್ನೆರಡನೇ ಶತಮಾನದಲ್ಲಿ ಇದೇ ನೆಲದ ಶರಣರು ಕಸುಬಿನ ಹೆಸರನ್ನು ಮುಚ್ಚಿಡಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ, ಮಡಿವಾಳ ಮಾಚಯ್ಯ. ಬಹುತೇಕ ಶರಣರು ವಚನದ ಕೊನೆಗೆ ತಮ್ಮ ದೇವರ ಹೆಸರು ಹಾಕಿದರೆ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ, ಕಸುಬಿನ ಸಮೇತ. ದೋಣಿ ನಡೆಸುವವನು ದೇವರ ಜಾಗದಲ್ಲಿ ತನ್ನ ಸಹಿ ಹಾಕಿದ. ಹೆಸರನ್ನು ಬಿಡುವುದೂ ಒಂದು ದಾರಿ, ಹೆಸರಿನ ಬೆಲೆ ಬದಲಾಯಿಸುವುದೂ ಒಂದು ದಾರಿ. ಎರಡನೆಯದು ಶರಣರಿಗೆ ಎಷ್ಟರ ಮಟ್ಟಿಗೆ ಕೈಗೂಡಿತು ಎಂಬುದನ್ನು ಆ ತುಳಸಿಕಟ್ಟಿಯ ಮನೆಯಲ್ಲಿ ನೋಡಿದೆ. ಅಲ್ಲಿನ ಗೋಡೆಯ ಮೇಲೆ ಬಸವಣ್ಣನವರ ಫೋಟೋ ಇತ್ತು.

ಹೆಸರೇ ಟಿಕೆಟ್ ಆದಾಗ

ಇಷ್ಟರವರೆಗೆ ಹೆಸರು ಅಂದರೆ ಮಾನ ಅಥವಾ ಅವಮಾನ. ಮೀಸಲಾತಿ ಬಂದ ಮೇಲೆ ಅದಕ್ಕೆ ಮೂರನೇ ಕೆಲಸ ಬಂತು. ಈಗ ಯಾವ ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದರ ಮೇಲೆ ಸೀಟು, ನೌಕರಿ ನಿಂತಿದೆ. ಅದು ಬೇಕಾದದ್ದೇ. ಹೆಸರಿನಿಂದ ಕಸಿದುಕೊಂಡದ್ದನ್ನು ಹೆಸರು ಹಿಡಿದೇ ಮರಳಿಸಬೇಕು, ಬೇರೆ ದಾರಿ ನನಗಂತೂ ಕಾಣುವುದಿಲ್ಲ. ಆದರೆ ಹುದ್ದೆಯ ಹೆಸರನ್ನು ಜಾತಿಯ ಹೆಸರು ಎಂದು ಓದಿದಾಗ ಗೊಂದಲ ಹುಟ್ಟುತ್ತದೆ.

ತಳವಾರರದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಸಂಸತ್ತು 2020ರಲ್ಲಿ ತಿದ್ದುಪಡಿ ಮಾಡಿ, ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯಕ ಎಂಬುದರ ಪರ್ಯಾಯ ಹೆಸರುಗಳಾಗಿ ಪರಿವಾರ ಮತ್ತು ತಳವಾರ ಎರಡನ್ನೂ ಸೇರಿಸಿತು. ಆದರೆ ತಳವಾರಿಕೆ ಊರು ಕಾಯುವ ಹುದ್ದೆ. ಒಂದು ಊರಲ್ಲಿ ಅದು ಬೇಡ ನಾಯಕರ ಮನೆಗಿದ್ದರೆ ಇನ್ನೊಂದು ಊರಲ್ಲಿ ಕೋಲಿ, ಕಬ್ಬಲಿಗ, ಅಂಬಿಗರ ಮನೆಗಿತ್ತು. ಈಗ ಎಲ್ಲರ ಶಾಲಾ ದಾಖಲೆಯಲ್ಲೂ ಇರುವುದು ತಳವಾರ ಎಂಬ ಒಂದೇ ಪದ. ಯಾರಿಗೆ ಪ್ರಮಾಣಪತ್ರ ಕೊಡಬೇಕು? ವಿಜಯಪುರ, ಕಲಬುರಗಿ ಕಡೆ ಇದಕ್ಕಾಗಿ ಧರಣಿಗಳಾದವು. "ನಮ್ಮ ಹೆಸರೇ ಪಟ್ಟಿಯಲ್ಲಿದೆ" ಎಂದು ಒಬ್ಬರು, "ಹೆಸರಿದ್ದರೆ ಸಾಕೇ, ನೀವು ನಾಯಕರಲ್ಲ" ಎಂದು ಇನ್ನೊಬ್ಬರು. ಮಹಾರಾಜರ ಕಾಲದ ರಾತ್ರಿ ಕಾವಲು ಇವತ್ತು ತಹಶೀಲ್ದಾರರ ಮೇಜಿನ ಮೇಲೆ ಕೂತಿದೆ. ಬೇಡ ಜಂಗಮ ಎಂಬ ಹೆಸರಿನದೂ ಇಂಥದೇ ಜಗಳ. ಆ ಹೆಸರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದೆ, ಮಠ ನಡೆಸುವ ಜಂಗಮರೂ ಅದನ್ನು ಕೇಳುತ್ತಾರೆ ಎಂಬುದು ದಲಿತ ಸಂಘಟನೆಗಳ ಹಳೆಯ ಸಿಟ್ಟು. ಸಭೆಯಲ್ಲಿ ಪಾದ ಮುಟ್ಟಿಸಿಕೊಳ್ಳುವ ಹೆಸರು ಅರ್ಜಿಯಲ್ಲಿ ಅಸ್ಪೃಶ್ಯ ಎಂದು ಬರೆಯಿಸಿಕೊಂಡರೆ ಸಿಟ್ಟು ಬರದೇ ಇರುತ್ತದೆಯೇ?

ಲಿಂಗಾಯತರ ಒಂದು ದೊಡ್ಡ ಪಂಗಡವಾದ ಪಂಚಮಸಾಲಿಗಳು ಹಿಂದುಳಿದ ವರ್ಗಗಳ 2ಎ ಮೀಸಲಾತಿ ಪಟ್ಟಿಗೆ ಸೇರಲು ನಡೆಸಿದ ಹೋರಾಟ ಇನ್ನೂ ಜಟಿಲ. ಕೂಡಲಸಂಗಮದಿಂದ 2021ರಲ್ಲಿ ಪಾದಯಾತ್ರೆ ಹೊರಟಿತು. 2023ರ ಮಾರ್ಚ್‌ನಲ್ಲಿ ಆಗಿನ ಸರ್ಕಾರ ಮುಸ್ಲಿಮರ 2ಬಿ ಪ್ರವರ್ಗದ ಶೇ 4ನ್ನು ತೆಗೆದು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಹಂಚಲು ಹೊರಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಅದರ ಜಾರಿ ನಿಂತುಹೋಯಿತು. 2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣಸೌಧದ ಹತ್ತಿರ ಹೋರಾಟಗಾರರ ಮೇಲೆ ಪೊಲೀಸರು ಲಾಠಿ ಬೀಸಿದರು, ರಸ್ತೆಯ ತುಂಬ ಚಪ್ಪಲಿ ಬಿದ್ದಿದ್ದವು. ಆ ಚಪ್ಪಲಿಗಳು ಯಾರವು ಎಂದು ಯೋಚಿಸಿದರೆ ಸಿಟ್ಟು ಅರ್ಥವಾಗುತ್ತದೆ. ಮಳೆಯನ್ನೇ ನಂಬಿದ, ಮಗನಿಗೆ ಡಿಪ್ಲೊಮಾ ಓದಿಸಿಯೂ ನೌಕರಿ ಕಾಣದ ರೈತರವು. ವೇದಿಕೆ ಮೇಲಿನವರ ಕಥೆ ಬೇರೆ. ಪಂಚಮಸಾಲಿ ಎಂಬ ಒಂದೇ ಹೆಸರಿನ ಕೆಳಗೆ ಸಕ್ಕರೆ ಕಾರ್ಖಾನೆಯ ಮಾಲೀಕನೂ ಇದ್ದಾನೆ, ಅದೇ ಕಾರ್ಖಾನೆಗೆ ಕಬ್ಬು ಹಾಕಿ ಬಿಲ್ಲಿಗಾ‌ಗಿ ಕಾಯುವವನೂ ಇದ್ದಾನೆ. ದೊಡ್ಡ ಹೆಸರಿಗೆ ಎಣಿಕೆಯ ಬಲ ಕೊಡುವವನು ಎರಡನೆಯವನು. ಆ ಬಲದಿಂದ ಮಂತ್ರಿಯಾಗುವವನು ಮೊದಲನೆಯವನು. ಅತ್ತ 2ಎ ಪಟ್ಟಿಯಲ್ಲಿ ಮೊದಲೇ ಶೇ 15ಕ್ಕೆ ನೂರಕ್ಕೂ ಹೆಚ್ಚು ಜಾತಿಗಳಿವೆ. ಗಾಣಿಗ, ಕುಂಬಾರ, ಹಡಪದ, ಮಡಿವಾಳ. ಅವರಿಗೆ ಪಾದಯಾತ್ರೆ ಮಾಡಲು ಜನವೂ ಇಲ್ಲ, ದಿನಗೂಲಿ ಬಿಟ್ಟು ನಡೆಯಲು ಪುರಸೊತ್ತೂ ಇಲ್ಲ.

ಪರಿಶಿಷ್ಟರ ಒಳಗೂ ಹೆಸರಿನದೇ ತಕರಾರು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಮೇ ತಿಂಗಳಿಂದ ಮನೆಮನೆ ಸಮೀಕ್ಷೆ ಮಾಡಿತು. ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ದೊಡ್ಡ ಕೊಡೆಯ ಕೆಳಗೆ ಎಡಗೈ (ಮಾದಿಗರು) ಯಾರು, ಬಲಗೈ (ಹೊಲೆಯರು) ಯಾರು ಎಂದು ಗೊತ್ತಾಗದಿರುವುದೇ ಅದರ ದೊಡ್ಡ ತಲೆನೋವು. ಆಗಸ್ಟ್‌ನಲ್ಲಿ ಸರ್ಕಾರ ಪರಿಶಿಷ್ಟ ಜಾತಿಯ ಶೇ 17 ಮೀಸಲಾತಿಯನ್ನು ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿತು. ನಮ್ಮ ಮೂರು ಜಿಲ್ಲೆಗಳಲ್ಲಿ ಆ ಗೊಂದಲ ಅಷ್ಟಿಲ್ಲ, ಯಾಕೆಂದರೆ ಅಡ್ಡಹೆಸರೇ ಹೇಳುತ್ತದೆ. ಮನೆ ಬಾಡಿಗೆಗೆ ಅಡ್ಡ ಬಂದ ಹೆಸರೇ ಇಲ್ಲಿ ಸಾಕ್ಷಿಯಾಗಿ ಒದಗಿತು. ನನ್ನ ಗೆಳೆಯನಂತೆ ಊರ ಹೆಸರು ಇಟ್ಟುಕೊಂಡವರು ಮಾತ್ರ ಹಳೆಯ ಟಿಸಿ ಹುಡುಕಿ ತೋರಿಸಬೇಕಾಯಿತು.

ತಂದೆಯ ಹೆಸರು ಎಂಬ ಖಾನೆ

ಅಡ್ಡಹೆಸರು ಬಿಡಿ, ಅದರ ಮೇಲಿನ ಖಾನೆಯೇ ಖಾಲಿ ಇರುವ ಮಕ್ಕಳು ಈ ಜಿಲ್ಲೆಗಳಲ್ಲಿದ್ದಾರೆ. ದೇವದಾಸಿ ತಾಯಂದಿರ ಮಕ್ಕಳು. ಸವದತ್ತಿ ಯಲ್ಲಮ್ಮನ ಗುಡ್ಡ ಬೆಳಗಾವಿ ಜಿಲ್ಲೆಯದ್ದೇ. ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯರನ್ನು ದೇವಿಗೆ ಬಿಡುವುದನ್ನು, 1982ರ ಕಾಯಿದೆ ನಿಷೇಧಿಸಿತು. ಆದರೂ 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರ ಹೆಸರು ದಾಖಲಾಯಿತು. ಬಹುಪಾಲು ಪರಿಶಿಷ್ಟ ಜಾತಿಯವರು. ಪಾಟೀಲಕಿ ಹೇಗೆ ತಂದೆಯಿಂದ ಮಗನಿಗೆ ಬಂತೋ ಇದೂ ಹಾಗೆಯೇ ತಾಯಿಯಿಂದ ಮಗಳಿಗೆ ಬಂತು. ಆ ಕಡೆ ಊರಿನ ಯಜಮಾನಿಕೆ ವತನ, ಈ ಕಡೆ ಹೆಂಗಸಿನ ಮೈ ವತನ. ಎರಡಕ್ಕೂ ದೇವರು, ಸಂಪ್ರದಾಯ ಎಂಬ ಒಂದೇ ಸಮರ್ಥನೆ.

ಅಪ್ಪ ಯಾರೆಂದು ಊರಿಗೆಲ್ಲ ಗೊತ್ತು. ಅವನು ಮೇಲಿನ ಓಣಿಯವನು, ಅವನ ಅಡ್ಡಹೆಸರಿಗೆ ಜಮೀನಿದೆ. ಮಗು ಅದನ್ನು ಬರೆಯುವಂತಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಈ ಮಕ್ಕಳ ಗುರುತು, ಹಕ್ಕಿನ ಪ್ರಶ್ನೆಯನ್ನೂ ಎತ್ತಿಕೊಂಡಿದೆ. ಮಸೂದೆ ಶಾಲೆಯ ಕಿಟಕಿಯ ತನಕ ಬರಲು ಎಷ್ಟು ವರ್ಷ ಬೇಕೋ. ಹಾಜರಿ ಪುಸ್ತಕದಲ್ಲಿ ತಾಯಿಯ ಹೆಸರಿನ ಮುಂದೆ ಯಲ್ಲಮ್ಮ ಎಂದೋ, ಪರಶುರಾಮ ಎಂದೋ ಬರೆದು ಖಾನೆ ತುಂಬಿಸಿದ ಮಾಸ್ತರರನ್ನು ನಾನು ಕಂಡಿದ್ದೇನೆ. ಅವರದು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಣಿಸುವವರು ಬಂದಾಗ

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆಯಿತು. ಶಿಕ್ಷಕರು ಕರೆಂಟ್ ಮೀಟರಿನ ಮೇಲೆ ಅಂಟಿಸಿದ ಚೀಟಿ ಹುಡುಕುತ್ತ, ನೆಟ್‌ವರ್ಕ್‌ಗಾಗಿ ಮಾಳಿಗೆ ಹತ್ತುತ್ತ 60 ಪ್ರಶ್ನೆ ಕೇಳಿದರು. ಮಾಹಿತಿ ಕೊಡುವುದು ಅವರವರ ಇಷ್ಟ ಎಂದು ಹೈಕೋರ್ಟ್ ಹೇಳಿತು. ಲಿಂಗಾಯತ ಎಂದು ಬರೆಸಬೇಕೋ, ವೀರಶೈವ ಲಿಂಗಾಯತ ಎಂದೋ, ಹಿಂದೂ ಎಂದೋ ಎಂಬ ಚರ್ಚೆಯಲ್ಲಿ ಮಠಗಳೂ ಮಂತ್ರಿಗಳೂ ವಾರಗಟ್ಟಲೆ ಮುಳುಗಿದರು. ಈಗ 2027ರ ಜನಗಣತಿಯಲ್ಲೂ ಜಾತಿ ಬರೆಸಬೇಕು.

"ಜಾತಿ ಕೇಳಬಾರದು, ಕೇಳುವುದರಿಂದಲೇ ಅದು ಉಳಿಯುತ್ತದೆ" ಎನ್ನುವವರು ನಮ್ಮ ಊರಲ್ಲೂ ಇದ್ದಾರೆ. ನನಗೆ ಪರಿಚಯದ ಅಂಥವರಲ್ಲಿ ಒಬ್ಬರ ಅಡ್ಡಹೆಸರು ದೇಸಾಯಿ, ಇನ್ನೊಬ್ಬರದು ದೇಶಪಾಂಡೆ. ಅವರಿಗೆ ಕೇಳುವ ಅಗತ್ಯವೇ ಬೀಳುವುದಿಲ್ಲ, ಯಾಕೆಂದರೆ ಮೊದಲ ಸಲ ಹೆಸರು ಹೇಳುವಾಗಲೇ ಉತ್ತರ ಮುಗಿದಿರುತ್ತದೆ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ, ಇಬ್ಬರೂ ಒಳ್ಳೆಯ ಮನುಷ್ಯರು. ಆದರೆ ಎಷ್ಟು ಜಮೀನು, ಎಷ್ಟು ನೌಕರಿ ಯಾವ ಹೆಸರಿಗಿದೆ ಎಂದು ಎಣಿಸದೇ ಹೋದರೆ ಬಸ್ ನಿಲ್ದಾಣದ ಪ್ರಶ್ನೆ ನಿಲ್ಲುವುದಿಲ್ಲ. ಅದರ ಲೆಕ್ಕ ಮಾತ್ರ ಇಲ್ಲದಂತಾಗುತ್ತದೆ.

ಮೊನ್ನೆ ಗೆಳೆಯನ ಮನೆಗೆ ಹೋಗಿದ್ದೆ. ಸ್ವಂತ ಮನೆ, ಎರಡು ವರ್ಷದ ಹಿಂದೆ ಕಟ್ಟಿಸಿದ್ದು. ಮಗಳು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ ಕೂಡಲೇ ಅಜ್ಜನ ಕಾಲದ ಜಾತಿ ತಾನಾಗಿ ತೆರೆಯ ಮೇಲೆ ಬಂತು. ಕೆಳಗೆ ಲಾಸ್ಟ್ ನೇಮ್ ಎಂಬ ಖಾನೆ, ಪಕ್ಕದಲ್ಲಿ ಕೆಂಪು ಚುಕ್ಕೆ.

"ಪಪ್ಪಾ, ಇಲ್ಲಿ ಏನ್ ಹಾಕ್ಲಿ? ಊರಿಂದೋ, ಅಜ್ಜಾಂದೋ?"

ಅವನು ನನ್ನ ಮುಖ ನೋಡಿದ. ನಾನು ಚಹಾದ ಕಪ್ಪು ನೋಡಿದೆ. ಅವರ ಊರಿನ ಹೆಸರೂ 'ಮ' ಅಕ್ಷರದಿಂದಲೇ ಶುರುವಾಗುತ್ತದೆ. "ಬರೇ ಎಂ ಅಂತ ಹಾಕ ಬಿಡವಾ" ಎಂದ.

ಅವಳು ಒತ್ತಿದಳು. ಖಾನೆ ಕೆಂಪಾಯಿತು. ಕನಿಷ್ಠ ಎರಡು ಅಕ್ಷರ ಇರಬೇಕಂತೆ.